ಎರಡು ವರ್ಷ ಸಾಕೇ? ಅಮೆರಿಕದ ಕಾಲೇಜು ಪ್ರವೇಶದಲ್ಲಿ ಹೈಸ್ಕೂಲು ಭಾಷೆಯ ಲೆಕ್ಕ

ಪಿಯುಸಿ ಮುಗಿಸಿ ಸಿಇಟಿ ಬರೆದವರಿಗೆ ಭಾಷೆಯ ಅಂಕಗಳ ಬಗ್ಗೆ ಒಂದು ಗಟ್ಟಿ ಅಭಿಪ್ರಾಯ ಇರುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ, ಇನ್ನರ್ಧ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ. ಇಂಗ್ಲಿಷಿನ ನೂರು ಅಂಕವಾಗಲಿ, ಕನ್ನಡದ ಅಥವಾ ಸಂಸ್ಕೃತದ ನೂರು ಅಂಕವಾಗಲಿ ಆ ಲೆಕ್ಕಕ್ಕೆ ಬರುವುದಿಲ್ಲ. ಒಟ್ಟು ಶೇಕಡಾವಾರು ಚೆನ್ನಾಗಿ ಕಾಣಲಿ ಎಂದು ಯಾವುದರಲ್ಲಿ ಅಂಕ ಸುಲಭವೋ ಆ ಭಾಷೆ ತೆಗೆದುಕೊಂಡರಾಯಿತು. ಇದೇ ಅಭಿಪ್ರಾಯ ಅಮೆರಿಕದ ಫ್ರೀಮಾಂಟಿಗೆ, ಬೆಲ್‌ವ್ಯೂಗೆ, ಎಡಿಸನ್ನಿಗೆ ಹೋಗಿ ನೆಲೆಸಿದ ಕನ್ನಡದ ಮನೆಗಳಲ್ಲೂ ಎಷ್ಟೋ ಕಡೆ ಉಳಿದುಕೊಂಡಿದೆ. ಮಗಳು ಎಂಟನೇ ತರಗತಿಯಲ್ಲಿರುವಾಗ ಹೈಸ್ಕೂಲಿನಿಂದ (ಅಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿ) ಕೋರ್ಸುಗಳ ಪಟ್ಟಿ ಬರುತ್ತದೆ. ಗಣಿತ ಯಾವ ಹಂತದಿಂದ ಶುರುವಾಗಬೇಕು ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ವರ್ಲ್ಡ್ ಲ್ಯಾಂಗ್ವೇಜ್, ಎಂದರೆ ಇಂಗ್ಲಿಷಲ್ಲದ ಭಾಷೆ, ಎಂಬ ಸಾಲಿಗೆ ಮಾತ್ರ ಗೆಳತಿ ತೆಗೆದುಕೊಂಡದ್ದೇ ಆಗುತ್ತದೆ, ಸಾಮಾನ್ಯವಾಗಿ ಸ್ಪ್ಯಾನಿಷ್.

ಅಮೆರಿಕದ ಪ್ರವೇಶ ಪದ್ಧತಿಯಲ್ಲಿ ಈ ಸಾಲಿಗೆ ಬೇರೆಯದೇ ತೂಕ ಇದೆ. ಇಂಗ್ಲಿಷ್, ಗಣಿತ, ವಿಜ್ಞಾನ ಮತ್ತು ಸಮಾಜದ ಜೊತೆಗೆ ಭಾಷೆಯನ್ನೂ ಐದು ಮುಖ್ಯ ವಿಷಯಗಳಲ್ಲಿ ಒಂದಾಗಿ ಎಣಿಸುತ್ತಾರೆ. ಅದರ ಅಂಕ ಮಾತ್ರವಲ್ಲ, ಎಷ್ಟು ವರ್ಷ ಓದಿದರು, ಯಾವ ಹಂತದವರೆಗೆ ಹೋದರು, ನಡುವೆ ಬಿಟ್ಟರೋ ಎಂಬುದೆಲ್ಲ ನೋಟಕ್ಕೆ ಬೀಳುತ್ತದೆ. ಕಳೆದ ಐದಾರು ವರ್ಷಗಳಲ್ಲಿ ಈ ತೂಕ ಇನ್ನಷ್ಟು ಹೆಚ್ಚಿದೆ. 2021ರಲ್ಲಿ ಕಾಲೇಜ್ ಬೋರ್ಡ್ ಎಂಬ ಪರೀಕ್ಷಾ ಸಂಸ್ಥೆ ಒಂದೊಂದು ವಿಷಯಕ್ಕೆ ನಡೆಸುತ್ತಿದ್ದ ಸ್ಯಾಟ್ ಸಬ್ಜೆಕ್ಟ್ ಪರೀಕ್ಷೆಗಳನ್ನು ನಿಲ್ಲಿಸಿತು. ಸ್ಪ್ಯಾನಿಷ್, ಫ್ರೆಂಚ್, ಚೀನೀ, ಕೊರಿಯನ್ ಮುಂತಾದ ಭಾಷೆಗಳಲ್ಲಿ ಒಂದೇ ದಿನದ ಪರೀಕ್ಷೆ ಬರೆದು ತಮ್ಮ ಮಟ್ಟ ತೋರಿಸುತ್ತಿದ್ದವರಿಗೆ ಆ ದಾರಿ ಮುಚ್ಚಿತು. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಎಂದರೆ ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಮೊದಲಾದ ಕ್ಯಾಂಪಸ್‌ಗಳ ಯು.ಸಿ., ಪ್ರವೇಶಕ್ಕೆ ಸ್ಯಾಟ್ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯ ಅಂಕವನ್ನು ನೋಡುವುದನ್ನೇ ಬಿಟ್ಟಿತು. ಎಂಐಟಿ 2022ರಲ್ಲಿ ಸ್ಯಾಟ್ ಮತ್ತೆ ಕಡ್ಡಾಯ ಮಾಡಿತು, ಆಮೇಲೆ ಇನ್ನೂ ಕೆಲವು ಕಾಲೇಜುಗಳು ಅದೇ ಹಾದಿ ಹಿಡಿದವು. ಆದರೂ ಒಟ್ಟಾರೆ ನೋಡಿದರೆ ಓದಿದ ಕೋರ್ಸು ಮತ್ತು ಗ್ರೇಡುಗಳ ಪಟ್ಟಿಯಾದ ನಾಲ್ಕು ವರ್ಷದ ಟ್ರಾನ್ಸ್‌ಕ್ರಿಪ್ಟೇ ಈಗ ಅರ್ಜಿಯ ಬೆನ್ನೆಲುಬು.

ವಿಚಿತ್ರವೆಂದರೆ ಇದೇ ಅವಧಿಯಲ್ಲಿ ಕಾಲೇಜುಗಳ ಒಳಗೆ ಭಾಷಾ ವಿಭಾಗಗಳು ಸೊರಗುತ್ತಿವೆ. ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನ ಗಣತಿಯ ಪ್ರಕಾರ 2016ರಿಂದ 2021ರ ನಡುವೆ ಅಮೆರಿಕದ ಕಾಲೇಜುಗಳಲ್ಲಿ ಇಂಗ್ಲಿಷೇತರ ಭಾಷೆ ಕಲಿಯುವವರ ಸಂಖ್ಯೆ ಶೇ. 16.6ರಷ್ಟು ಕುಸಿಯಿತು. 2023ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ ತನ್ನ ಭಾಷಾ ವಿಭಾಗಕ್ಕೇ ಕತ್ತರಿ ಹಾಕಿತು. ಹೈಸ್ಕೂಲಿನಲ್ಲಿ ಕೇಳುವ ವರ್ಷಗಳನ್ನು ಮಾತ್ರ ಹೆಚ್ಚಿನವರು ಇಳಿಸಿಲ್ಲ. ಕಾರಣ ಸರಳ. ಪ್ರವೇಶ ಸಮಿತಿಗೆ ಭಾಷೆ ಎಂದರೆ ಸಂವಹನ ಕೌಶಲವಷ್ಟೇ ಅಲ್ಲ. ಸುಲಭವಾಗಿ ಬಿಟ್ಟುಬಿಡಬಹುದಾಗಿದ್ದ ಒಂದು ಕಷ್ಟದ ವಿಷಯವನ್ನು ಹುಡುಗ ಬಿಡದೆ ಮುಂದುವರಿಸಿದನೇ ಎಂಬುದಕ್ಕೆ ಅದೊಂದು ಸಾಕ್ಷಿ.

ಮೂರು ಬೇರೆ ಬೇರೆ ಲೆಕ್ಕ

ಗೊಂದಲ ಶುರುವಾಗುವುದು ಮೂರು ಲೆಕ್ಕಗಳನ್ನು ಒಂದೇ ಎಂದುಕೊಳ್ಳುವುದರಿಂದ. ಹೈಸ್ಕೂಲು ಪಾಸಾಗಲು ಬೇಕಾದದ್ದು ಒಂದು, ಕಾಲೇಜಿಗೆ ಅರ್ಜಿ ಹಾಕಲು ಅರ್ಹತೆ ಎರಡನೆಯದು, ಸ್ಪರ್ಧೆಯಲ್ಲಿ ಗೆಲ್ಲಲು ಬೇಕಾದದ್ದು ಮೂರನೆಯದು.

ಪಾಸಾಗುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಸ್ ಮತ್ತು ಮಿಶಿಗನ್ ಎರಡು ಕ್ರೆಡಿಟ್, ಎಂದರೆ ಎರಡು ವರ್ಷದ ಓದು ಕೇಳುತ್ತವೆ, ನ್ಯೂಜೆರ್ಸಿ ಒಂದು ವರ್ಷ. ಕ್ಯಾಲಿಫೋರ್ನಿಯಾ ರಾಜ್ಯದ ನಿಯಮವಂತೂ ತೀರ ಸಡಿಲ: ಕಲೆ, ಭಾಷೆ ಅಥವಾ ವೃತ್ತಿಶಿಕ್ಷಣ, ಈ ಮೂರರಲ್ಲಿ ಯಾವುದಾದರೂ ಒಂದು ವರ್ಷ ಓದಿದ್ದರೆ ಸಾಕು. ಎಂದರೆ ಒಂದು ದಿನವೂ ಭಾಷೆ ಓದದೆ ಅಲ್ಲಿ ಹೈಸ್ಕೂಲು ಡಿಪ್ಲೊಮಾ ಪಡೆಯಬಹುದು. ಆದರೆ ಅದೇ ರಾಜ್ಯದ ಯು.ಸಿ. ಮತ್ತು ಇನ್ನೊಂದು ಸರ್ಕಾರಿ ವಿಶ್ವವಿದ್ಯಾಲಯವಾದ ಕ್ಯಾಲ್ ಸ್ಟೇಟ್ ಕ್ಯಾಂಪಸ್‌ಗಳಿಗೆ ಎ-ಜಿ ಎಂಬ ಹದಿನೈದು ಕೋರ್ಸುಗಳ ಪಟ್ಟಿ ಇದೆ. ಅದರಲ್ಲಿ ‘ಇ’ ಎಂಬ ಅಕ್ಷರ ಭಾಷೆಯದು. ಒಂದೇ ಭಾಷೆಯಲ್ಲಿ ಎರಡು ವರ್ಷ, ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡು, ಇದು ಕಡ್ಡಾಯ. ಯು.ಸಿ. ಶಿಫಾರಸು ಮಾಡುವುದು ಮೂರು ವರ್ಷ. ಡಿಪ್ಲೊಮಾ ಸಿಗುತ್ತದೆ ಎಂದು ನಿಶ್ಚಿಂತರಾಗಿದ್ದು, ಹನ್ನೆರಡನೇ ತರಗತಿಯ ಸೆಪ್ಟೆಂಬರಿನಲ್ಲಿ ‘ಇ’ ಖಾಲಿ ಇದೆ ಎಂದು ಗೊತ್ತಾದರೆ ಆಗ ಉಳಿಯುವ ದಾರಿಗಳು ಬಹಳ ಕಡಿಮೆ. ವಾಷಿಂಗ್ಟನ್ ವಿಶ್ವವಿದ್ಯಾಲಯ, ಫ್ಲೋರಿಡಾದ ಸರ್ಕಾರಿ ವಿಶ್ವವಿದ್ಯಾಲಯಗಳು ಮುಂತಾದ ಕಡೆಯೂ ಎರಡು ವರ್ಷ ಕೇಳುತ್ತಾರೆ.

ಮೂರನೆಯ ಲೆಕ್ಕದಲ್ಲಿ ‘ಕಡ್ಡಾಯ’ ಎಂಬ ಮಾತು ಮಾಯವಾಗಿ ‘ಶಿಫಾರಸು’ ಬರುತ್ತದೆ. ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ನಾಲ್ಕು ವರ್ಷ ಒಂದೇ ಭಾಷೆ ಓದಿರಿ ಎನ್ನುತ್ತವೆ. ಸ್ಟ್ಯಾನ್‌ಫರ್ಡ್ ಮೂರು ಅಥವಾ ಹೆಚ್ಚು ಎನ್ನುತ್ತದೆ. ಎಂಐಟಿ ಎರಡಕ್ಕೆ ನಿಲ್ಲುತ್ತದೆ. ನೂರಕ್ಕೆ ನಾಲ್ಕೈದು ಮಂದಿಯನ್ನು ತೆಗೆದುಕೊಳ್ಳುವ ಕಾಲೇಜು ಶಿಫಾರಸು ಎಂದದ್ದನ್ನು ಐಚ್ಛಿಕ ಎಂದು ಓದಿಕೊಳ್ಳುವುದು ಅಪಾಯ.

ಯಾವ ಕಾಲೇಜಿಗೆ ಎಷ್ಟು ಬೇಕೆಂದು ತಿಳಿಯಲು ಅವರಿವರನ್ನು ಕೇಳಬೇಕಿಲ್ಲ. ಕಾಲೇಜಿನ ಹೆಸರಿನ ಜೊತೆ ಕಾಮನ್ ಡೇಟಾ ಸೆಟ್ ಎಂದು ಹುಡುಕಿದರೆ ಹೆಚ್ಚಿನ ಕಾಲೇಜುಗಳು ಪ್ರತಿವರ್ಷ ಪ್ರಕಟಿಸುವ ದಾಖಲೆ ಸಿಗುತ್ತದೆ. ಅದರ ಸಿ-5 ಎಂಬ ಭಾಗದಲ್ಲಿ ವಿಷಯವಾರು ಎರಡು ಕಾಲಂ ಇರುತ್ತದೆ, ಒಂದು ಕಡ್ಡಾಯ ವರ್ಷಗಳು, ಇನ್ನೊಂದು ಶಿಫಾರಸು. ಸಿ-7ರಲ್ಲಿ ಪ್ರವೇಶಕ್ಕೆ ಏನೇನನ್ನು ಎಷ್ಟು ಮುಖ್ಯವೆಂದು ಪರಿಗಣಿಸುತ್ತೇವೆ ಎಂದು ಕಾಲೇಜೇ ಗುರುತು ಹಾಕಿರುತ್ತದೆ. ‘ಓದಿದ ಕೋರ್ಸುಗಳ ಗಟ್ಟಿತನ’ ಎಂಬ ಸಾಲಿನ ಮುಂದೆ ‘ಅತಿ ಮುಖ್ಯ’ ಎಂದಿದ್ದರೆ ಭಾಷೆಯ ಹಂತಗಳೂ ಆ ಮಾತಿನೊಳಗೆ ಬಂದವು. ಹತ್ತನೇ ತರಗತಿಯ ಕೋರ್ಸು ಆರಿಸುವ ಮೊದಲೇ ಐದಾರು ಕಾಲೇಜುಗಳ ಈ ಎರಡು ಪುಟ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ಎರಡು ವರ್ಷದಲ್ಲಿ ಬರುವುದೆಷ್ಟು

ದಿನಕ್ಕೆ 50 ನಿಮಿಷ, ವರ್ಷಕ್ಕೆ 180 ದಿನ ಎಂದರೆ 150 ಗಂಟೆ. ಎರಡು ವರ್ಷಕ್ಕೆ 300. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಕೆಲಸಕ್ಕೆ ಸಾಕಾಗುವಷ್ಟು ಸ್ಪ್ಯಾನಿಷ್ ಕಲಿಸಲು 600ರಿಂದ 750 ಗಂಟೆ, ಹಿಂದಿಗೆ ಸುಮಾರು 1,100, ಜಪಾನಿಗೆ ಸುಮಾರು 2,200 ಗಂಟೆಯ ಪಾಠ ಇಟ್ಟುಕೊಳ್ಳುತ್ತದೆ. ಅವರು ದೊಡ್ಡವರು, ದಿನವಿಡೀ ಅದೇ ಕೆಲಸ, ಸಣ್ಣ ತರಗತಿ. ಹೈಸ್ಕೂಲಿನಲ್ಲಿ ಮೂವತ್ತು ಮಕ್ಕಳ ನಡುವೆ ಒಬ್ಬರಿಗೆ ಬಾಯಿ ತೆರೆಯಲು ಸಿಗುವುದು ದಿನಕ್ಕೆ ಒಂದೆರಡು ನಿಮಿಷ. ಹಾಗಾಗಿ ಎರಡು ವರ್ಷಕ್ಕೆ ನಿಲ್ಲಿಸಿದವರಿಗೆ ಪರಿಚಯ ಹೇಳಿಕೊಳ್ಳಲು, ಊಟ ಕೇಳಲು, ನಾಲ್ಕು ಸರಳ ವಾಕ್ಯ ಬರೆಯಲು ಬರುತ್ತದೆ. ಅದೂ ಬೇಸಿಗೆ ರಜೆ ಎರಡು ಕಳೆದರೆ ಅಳಿಸಿಹೋಗುತ್ತದೆ. ಮೂರನೇ ವರ್ಷದಲ್ಲಿ ಭೂತಕಾಲದ ಕಥನ, ಅಭಿಪ್ರಾಯ, ಉದ್ದದ ಓದು ಬರುತ್ತವೆ. ಕಲಿಕೆ ನಿಜವಾಗಿ ಕೈಗೆ ಸಿಗುವುದು ಆಗಲೇ. ಎರಡಕ್ಕೆ ನಿಲ್ಲಿಸುವುದೆಂದರೆ ಕಷ್ಟದ ಭಾಗವನ್ನೆಲ್ಲ ಪಟ್ಟು ಫಲದ ಬುಡಕ್ಕೆ ಬಂದಾಗ ಹಿಂದೆ ತಿರುಗಿದಂತೆ. ಈ ಕಾರಣಕ್ಕಾಗಿಯೇ ಮೂರನೇ ಹಂತ ಮುಗಿಸಿ ಎಂದು ನಾವು ಒತ್ತಿ ಹೇಳುವುದು. ಪ್ರವೇಶದ ಲಾಭ ಅದರ ಜೊತೆಗೆ ಬರುತ್ತದೆ.

ಆ ಲಾಭ ಕಾಲೇಜಿನ ಒಳಗೂ ಇದೆ. ಬರ್ಕ್ಲಿಯ ಲೆಟರ್ಸ್ ಅಂಡ್ ಸೈನ್ಸ್ ಕಾಲೇಜಿನಲ್ಲಿ ಪದವಿಗೆ ಭಾಷೆಯ ಷರತ್ತು ಇದೆ. ಹೈಸ್ಕೂಲಿನಲ್ಲಿ ಒಂದು ಭಾಷೆಯ ಮೂರನೇ ವರ್ಷವನ್ನು ಸಿ-ಮೈನಸ್ ಅಥವಾ ಮೇಲಿನ ಗ್ರೇಡಿನಲ್ಲಿ ಮುಗಿಸಿದವರಿಗೆ ಆ ಷರತ್ತು ಅಲ್ಲೇ ತೀರುತ್ತದೆ. ಯು.ಸಿ. ಕ್ಯಾಂಪಸ್‌ಗಳು ಎ.ಪಿ. (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಭಾಷಾ ಪರೀಕ್ಷೆಯಲ್ಲಿ 5ಕ್ಕೆ 3 ಅಥವಾ ಹೆಚ್ಚು ಬಂದರೆ ಪದವಿಗೆ ಯೂನಿಟ್‌ಗಳನ್ನೂ ಕೊಡುತ್ತವೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಧ್ಯಮ ಹಂತದ ನಾಲ್ಕನೇ ಸೆಮಿಸ್ಟರಿನವರೆಗೆ ಭಾಷೆ ಓದಬೇಕು ಅಥವಾ ಪರೀಕ್ಷೆ ಕೊಟ್ಟು ಅಷ್ಟು ಗೊತ್ತಿದೆ ಎಂದು ತೋರಿಸಬೇಕು. ಯೇಲ್‌ನಲ್ಲಂತೂ ಎಷ್ಟೇ ಬಂದರೂ ಪೂರ್ತಿ ವಿನಾಯಿತಿ ಇಲ್ಲ.

ಎಲ್ಲಿ ಎಡವುತ್ತಾರೆ

ಅತಿ ಸಾಮಾನ್ಯವಾದ ತಪ್ಪು ಭಾಷೆ ಬದಲಾಯಿಸುವುದು. ಒಂಬತ್ತರಲ್ಲಿ ಫ್ರೆಂಚ್ 1, ಕಷ್ಟವೆನಿಸಿ ಹತ್ತರಲ್ಲಿ ಸ್ಪ್ಯಾನಿಷ್ 1. ವರ್ಷ ಎರಡಾಯಿತು, ಆದರೆ ಯು.ಸಿ. ಲೆಕ್ಕದಲ್ಲಿ ‘ಇ’ ಇನ್ನೂ ತುಂಬಿಲ್ಲ. ಕೇಳುವುದು ಒಂದೇ ಭಾಷೆಯ ಎರಡು ವರ್ಷ. ಬದಲಾಯಿಸಲೇಬೇಕಿದ್ದರೆ ಒಂಬತ್ತನೇ ತರಗತಿಯ ಮೊದಲ ಎರಡು ವಾರದಲ್ಲಿ ಬದಲಾಯಿಸಬೇಕು, ಆಗ ವರ್ಷ ಉಳಿಯುತ್ತದೆ.

ಎರಡನೆಯದು ಮಿಡಲ್ ಸ್ಕೂಲಿನ ಲೆಕ್ಕ. ಏಳು ಮತ್ತು ಎಂಟನೇ ತರಗತಿಯಲ್ಲಿ ಹೈಸ್ಕೂಲು ಮಟ್ಟದ ಸ್ಪ್ಯಾನಿಷ್ 1 ಓದಿದ್ದರೆ ಯು.ಸಿ. ಅದನ್ನು ಒಂದು ವರ್ಷವೆಂದು ಒಪ್ಪುತ್ತದೆ, ಗ್ರೇಡುಗಳ ಸರಾಸರಿಯಾದ ಜಿ.ಪಿ.ಎ.ಗೆ ಮಾತ್ರ ಸೇರಿಸುವುದಿಲ್ಲ. ಆದರೆ ಏಳರಲ್ಲಿ 1-ಎ, ಎಂಟರಲ್ಲಿ 1-ಬಿ ಎಂದು ಎರಡು ವರ್ಷಕ್ಕೆ ಹರಡಿದ ಕೋರ್ಸು ಒಟ್ಟಿಗೆ ಸೇರಿ ಒಂದೇ ವರ್ಷ. ಆರು ವಾರ ಫ್ರೆಂಚ್, ಆರು ವಾರ ಜರ್ಮನ್ ಎಂದು ರುಚಿ ತೋರಿಸುವ ತರಗತಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ಇನ್ನು ಮಿಡಲ್ ಸ್ಕೂಲಿನಲ್ಲಿ ಎರಡು ಹಂತ ಮುಗಿಸಿ ‘ಭಾಷೆ ಆಯಿತು’ ಎಂದು ಹೈಸ್ಕೂಲಿನ ನಾಲ್ಕು ವರ್ಷವೂ ಭಾಷೆಯೇ ಇಲ್ಲದ ಟ್ರಾನ್ಸ್‌ಕ್ರಿಪ್ಟ್ ಕಳಿಸುವವರಿದ್ದಾರೆ. ಯು.ಸಿ. ಅರ್ಹತೆಗೆ ಅದು ಸರಿ. ಖಾಸಗಿ ಕಾಲೇಜಿನವರು ನೋಡುವುದು ಒಂಬತ್ತರಿಂದ ಹನ್ನೆರಡರವರೆಗಿನ ಹಾಳೆಯನ್ನು, ಅಲ್ಲಿ ಆ ಸಾಲೇ ಖಾಲಿ.

ಕಡಿಮೆ ಗ್ರೇಡು ಬಂದಾಗ ಗಾಬರಿಯಾಗಿ ಭಾಷೆಯನ್ನೇ ಕೈಬಿಡುವುದು ಇನ್ನೊಂದು. ಯು.ಸಿ.ಯಲ್ಲಿ ‘ವ್ಯಾಲಿಡೇಷನ್’ ಎಂಬ ಉಪಯುಕ್ತ ನಿಯಮ ಇದೆ. ಸ್ಪ್ಯಾನಿಷ್ 1ರಲ್ಲಿ ಡಿ ಬಂದರೂ ಸ್ಪ್ಯಾನಿಷ್ 2ರಲ್ಲಿ ಸಿ ಬಂದರೆ ಮೇಲಿನ ಹಂತ ಕೆಳಗಿನದನ್ನು ಸರಿಪಡಿಸುತ್ತದೆ. ಮೊದಲ ಹಂತವನ್ನು ಓದದೆ ನೇರವಾಗಿ ಎರಡನೇ ಹಂತಕ್ಕೆ ಹೋಗಿ ಪಾಸಾದವರಿಗೂ ಎರಡು ವರ್ಷ ಎಂದೇ ಎಣಿಕೆ. ಹಾಗಾಗಿ ಡಿ ಬಂದ ಹುಡುಗ ಮಾಡಬೇಕಾದದ್ದು ಭಾಷೆ ಬದಲಾಯಿಸುವುದಲ್ಲ, ಬೇಸಿಗೆಯಲ್ಲಿ ಕ್ರಿಯಾಪದಗಳನ್ನು ಮತ್ತೆ ಓದಿಕೊಂಡು ಮುಂದಿನ ಹಂತಕ್ಕೆ ಹೋಗುವುದು. ಒಂಬತ್ತರಲ್ಲಿ ಹಂತ 1, ಹತ್ತರಲ್ಲಿ ಬಿಡುವು, ಹನ್ನೊಂದರಲ್ಲಿ ಹಂತ 2 ಎಂಬ ಯೋಜನೆಯಂತೂ ಬೇಡವೇ ಬೇಡ. ಹದಿನಾಲ್ಕು ತಿಂಗಳ ಬಿಡುವಿನ ನಂತರ ಮರಳಿ ಬಂದವರಿಗೆ ಮೊದಲ ಹಂತದ ಅರ್ಧ ಮರೆತಿರುತ್ತದೆ, ಗ್ರೇಡು ಬೀಳುವುದು ಹನ್ನೊಂದರಲ್ಲೇ, ಎಂದರೆ ಎಲ್ಲರೂ ಹೆಚ್ಚು ಗಮನಿಸಿ ನೋಡುವ ವರ್ಷದಲ್ಲಿ.

ಹೊರಗಿನ ಆನ್‌ಲೈನ್ ಕೋರ್ಸು, ಕಮ್ಯುನಿಟಿ ಕಾಲೇಜಿನ ಬೇಸಿಗೆ ತರಗತಿ ಒಳ್ಳೆಯ ದಾರಿಗಳೇ. ಆದರೆ ಹಣ ಕಟ್ಟುವ ಮೊದಲು ಮೂರು ಪ್ರಶ್ನೆ: ಈ ಕೋರ್ಸನ್ನು ನಮ್ಮ ಹೈಸ್ಕೂಲು ಒಪ್ಪಿ ಟ್ರಾನ್ಸ್‌ಕ್ರಿಪ್ಟಿನಲ್ಲಿ ಹಾಕುತ್ತದೆಯೇ, ಯು.ಸಿ.ಯ ಎ-ಜಿ ಪಟ್ಟಿಯಲ್ಲಿ ಇದೆಯೇ, ಮುಂದಿನ ಹಂತಕ್ಕೆ ನಮ್ಮ ಶಾಲೆಯಲ್ಲಿ ಸೇರಿಸಿಕೊಳ್ಳುತ್ತಾರೆಯೇ. ಉತ್ತರ ಇಮೇಲಿನಲ್ಲಿ ಬರಲಿ. ಕಮ್ಯುನಿಟಿ ಕಾಲೇಜಿನಲ್ಲಿ ಬರೀ ಸಂಭಾಷಣೆಯ ಕೋರ್ಸನ್ನು ಯು.ಸಿ. ಲೆಕ್ಕಕ್ಕೆ ಹಿಡಿಯುವುದಿಲ್ಲ. ಫೋನಿನ ಆ್ಯಪ್‌ನಲ್ಲಿ ಸಾವಿರ ದಿನ ಕಲಿತರೂ ಕ್ರೆಡಿಟ್ ಇಲ್ಲ. ಟೆಕ್ಸಸ್ಸಿನಂಥ ರಾಜ್ಯ ಹೈಸ್ಕೂಲು ಪಾಸಾಗಲು ಕೋಡಿಂಗನ್ನು ಭಾಷೆಯ ಬದಲಿಗೆ ಒಪ್ಪಿದರೂ ಯು.ಸಿ. ಒಪ್ಪುವುದಿಲ್ಲ. ಅಮೆರಿಕನ್ ಸಂಜ್ಞಾ ಭಾಷೆಯನ್ನು ಯು.ಸಿ. ಸೇರಿ ಹಲವು ಕಡೆ ಪೂರ್ತಿಯಾಗಿ ಒಪ್ಪುತ್ತಾರೆ, ಎಲ್ಲ ಖಾಸಗಿ ಕಾಲೇಜುಗಳೂ ಅಲ್ಲ. ಕಲಿಕೆಯ ತೊಂದರೆಯ ಕಾರಣಕ್ಕೆ ಹೈಸ್ಕೂಲು ಭಾಷೆಯಿಂದ ವಿನಾಯಿತಿ ಕೊಟ್ಟಿದ್ದರೆ ಅದು ತಾನಾಗಿ ಕಾಲೇಜಿಗೆ ಅನ್ವಯಿಸುವುದಿಲ್ಲ, ಅಲ್ಲಿ ಬೇರೆಯಾಗಿ ಕೇಳಿಕೊಳ್ಳಬೇಕು.

ಮನೆಯ ಕನ್ನಡ ಲೆಕ್ಕಕ್ಕೆ ಬರುವುದು ಹೇಗೆ

ಕನ್ನಡದ ಮನೆಗಳಿಗೆ ಇದು ಮುಖ್ಯವಾದ ಪ್ರಶ್ನೆ. ಮಗು ಹುಟ್ಟಿನಿಂದ ಕನ್ನಡ ಕೇಳಿದೆ, ಅಜ್ಜಿಯ ಜೊತೆ ಮಾತಾಡುತ್ತದೆ, ಕನ್ನಡ ಕೂಟದ ವಾರಾಂತ್ಯದ ತರಗತಿಗೆ ಆರೇಳು ವರ್ಷ ಹೋಗಿದೆ. ಇಷ್ಟೆಲ್ಲ ಇದ್ದೂ ಟ್ರಾನ್ಸ್‌ಕ್ರಿಪ್ಟಿನಲ್ಲಿ ಒಂದಕ್ಷರ ಇರುವುದಿಲ್ಲ. ಎ.ಪಿ. ಪರೀಕ್ಷೆಗಳಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೀನೀ, ಜಪಾನಿ, ಲ್ಯಾಟಿನ್ ಇವೆ. ಭಾರತದ ಒಂದು ಭಾಷೆಯೂ ಇಲ್ಲ. ಮ್ಯಾಂಡರಿನ್ ಮಾತಾಡುವ ಮನೆಯ ಮಗುವಿಗೆ ಎ.ಪಿ. ಚೀನೀ ಇದೆ, ಕನ್ನಡದ ಮಗುವಿಗೆ ಅಂಥ ರಾಜಮಾರ್ಗ ಇಲ್ಲ. ಇದು ನ್ಯಾಯವಲ್ಲ. ಆದರೂ ದಾರಿಗಳು ಇವೆ, ಅವುಗಳನ್ನು ತಿಳಿದುಕೊಳ್ಳದೆ ಬಿಡುವುದು ನಷ್ಟ.

ಮೊದಲನೆಯದು ಸಾಮರ್ಥ್ಯ ಪರೀಕ್ಷೆ. ಅವಾಂಟ್ ಸಂಸ್ಥೆಯ ಸ್ಟ್ಯಾಂಪ್ ಪರೀಕ್ಷೆಗಳಲ್ಲಿ, ಕಡಿಮೆ ಮಂದಿ ಕಲಿಯುವ ಭಾಷೆಗಳಿಗಾಗಿ ಬರವಣಿಗೆ ಮತ್ತು ಮಾತು ಮಾತ್ರ ಇರುವ ಒಂದು ಬಗೆ ಇದೆ. ತಮಿಳು, ತೆಲುಗಿನ ಜೊತೆ ಕನ್ನಡವೂ ಆ ಪಟ್ಟಿಯಲ್ಲಿದೆ. ಫಲಿತಾಂಶ ಅಂಕದಲ್ಲಿ ಅಲ್ಲ, ಹಂತದಲ್ಲಿ: ನೋವಿಸ್, ಇಂಟರ್‌ಮೀಡಿಯೇಟ್, ಅಡ್ವಾನ್ಸ್ಡ್, ಪ್ರತಿಯೊಂದರಲ್ಲೂ ಕೆಳ, ಮಧ್ಯ, ಮೇಲು. ಈ ಹಂತವನ್ನು ಕ್ರೆಡಿಟ್ಟಾಗಿ ಬದಲಾಯಿಸುವ ನಿಯಮ ಆಯಾ ಸ್ಕೂಲ್ ಡಿಸ್ಟ್ರಿಕ್ಟಿನ, ಎಂದರೆ ಸರ್ಕಾರಿ ಶಾಲೆಗಳ ಸ್ಥಳೀಯ ಆಡಳಿತದ, ಕೈಯಲ್ಲಿದೆ. ವಾಷಿಂಗ್ಟನ್ ರಾಜ್ಯದ ಮಾದರಿ ಎಲ್ಲಕ್ಕಿಂತ ಸ್ಪಷ್ಟ. ನೋವಿಸ್ ಮಧ್ಯ ಬಂದರೆ 1 ಕ್ರೆಡಿಟ್, ನೋವಿಸ್ ಮೇಲು 2, ಇಂಟರ್‌ಮೀಡಿಯೇಟ್ ಕೆಳ 3, ಇಂಟರ್‌ಮೀಡಿಯೇಟ್ ಮಧ್ಯ 4. ಸಿಯಾಟಲ್ ಸುತ್ತಿನ ಕನ್ನಡದ ಮಗು ಒಂಬತ್ತನೇ ತರಗತಿಯಲ್ಲೇ ನಾಲ್ಕು ವರ್ಷದ ಭಾಷಾ ಕ್ರೆಡಿಟ್ ಪಡೆಯಲು ಸಾಧ್ಯ.

ಹಂತಗಳ ನಡುವಿನ ವ್ಯತ್ಯಾಸ ಗೊತ್ತಿದ್ದರೆ ತಯಾರಿ ಸುಲಭ. ‘ನಾಯಿ ಇದೆ. ಅನ್ನ ಇಷ್ಟ. ನೀಲಿ ಮನೆ’ ಎಂಬಂಥ ಬಿಡಿ ಪದ, ಬಾಯಿಪಾಠದ ತುಣುಕು ನೋವಿಸ್. ‘ಶನಿವಾರ ನಾನು ಕ್ರಿಕೆಟ್ ಆಡುತ್ತೇನೆ. ಅಮ್ಮ ದೋಸೆ ಮಾಡುತ್ತಾರೆ’ ಎಂದು ಸ್ವಂತ ವಾಕ್ಯ ಕಟ್ಟಿದರೆ ಇಂಟರ್‌ಮೀಡಿಯೇಟ್ ಶುರು. ‘ಶನಿವಾರ ಮಳೆ ಬಂದರೆ ಆಟ ಇರುವುದಿಲ್ಲ, ಆಗ ತಂಗಿಯ ಜೊತೆ ಮನೆಯಲ್ಲೇ ಕೇರಂ ಆಡುತ್ತೇನೆ, ಯಾಕೆಂದರೆ ಅವಳಿಗೆ ಒಬ್ಬಳೇ ಇರಲು ಬೇಜಾರು’ ಎಂದು ಜೋಡಿಸಿ, ವಿವರ ಸೇರಿಸಿ ಹೇಳಿದರೆ ಮಧ್ಯದ ಹಂತದತ್ತ. ಹೋದ ವರ್ಷ ಮೈಸೂರಿಗೆ ಹೋಗಿ ಬಂದದ್ದನ್ನು ಹಿಂದುಮುಂದು ತಪ್ಪದೆ, ಒಂದಾದ ಮೇಲೊಂದು ಪ್ಯಾರಾದಲ್ಲಿ ಹೇಳಬಲ್ಲವರು ಅಡ್ವಾನ್ಸ್ಡ್ ಕಡೆಗೆ.

ಚೆನ್ನಾಗಿ ಮಾತಾಡುವ ಮಕ್ಕಳೂ ಸೋಲುವುದು ಎರಡು ಕಡೆ. ಒಂದು, ಉತ್ತರ ತೀರ ಚಿಕ್ಕದು. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಎರಡು ಪದದಲ್ಲಿ ಉತ್ತರ ಕೊಟ್ಟು, ಉದ್ದದ ವಿಷಯಕ್ಕೆ ಇಂಗ್ಲಿಷಿಗೆ ಜಾರುವುದು ಅಭ್ಯಾಸವಾಗಿರುತ್ತದೆ. ‘ಫ್ರೆಂಡ್ ಹೌಸಿಗೆ ಹೋಗಿ ಪ್ಲೇ ಮಾಡಿದೆ’ ಎಂಬ ವಾಕ್ಯದಲ್ಲಿ ‘ಹೋಗಿ’, ‘ಮಾಡಿದೆ’ ಮತ್ತು ‘ಗೆ’ ಎಂಬ ಬಾಲ ಮಾತ್ರ ಕನ್ನಡ. ಪರೀಕ್ಷೆಗೆ ಎರಡು ತಿಂಗಳ ಮೊದಲಿನಿಂದ ದಿನಕ್ಕೊಂದು ವಿಷಯದ ಮೇಲೆ ಒಂದೂವರೆ ನಿಮಿಷ ನಿಲ್ಲಿಸದೆ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿಸಿಕೊಳ್ಳುವುದು ಇದಕ್ಕೆ ಮದ್ದು. ಆಮೇಲೆ, ಆದರೆ, ಯಾಕೆಂದರೆ, ಅದಕ್ಕೇ, ಆಗ ಎಂಬ ಐದು ಪದಗಳನ್ನು ಪ್ರತಿ ಉತ್ತರದಲ್ಲೂ ಬಳಸುವಂತೆ ಹೇಳಿದರೆ ವಾಕ್ಯಗಳು ತಾವಾಗಿ ಬೆಸೆದುಕೊಳ್ಳುತ್ತವೆ. ಮಾತಿನ ಭಾಗದಲ್ಲಿ ಮನೆಯಲ್ಲಿ ಆಡುವ ಕನ್ನಡವೇ ಇರಲಿ. ‘ಬರ್ತೀನಿ’ ಎನ್ನುವ ಮಗುವನ್ನು ‘ಬರುತ್ತೇನೆ’ ಎನ್ನಲು ತಿದ್ದುತ್ತಾ ಹೋದರೆ ಪ್ರತಿ ವಾಕ್ಯದಲ್ಲೂ ತಡವರಿಸುತ್ತದೆ.

ಇನ್ನೊಂದು ಬರವಣಿಗೆ. ಓದಲು ಬಂದರೂ ಬರೆಯಲು ಕೈ ಓಡುವುದಿಲ್ಲ. ಒತ್ತಕ್ಷರ ಬಿಟ್ಟುಹೋಗುವುದು, ದೀರ್ಘ ಹ್ರಸ್ವವಾಗುವುದು, ಲ-ಳ ಅದಲುಬದಲಾಗುವುದು ಎಲ್ಲ ಮಕ್ಕಳಲ್ಲೂ ಇದೆ. ಅರ್ಥ ಕೆಡದಿದ್ದರೆ ಅವು ದೊಡ್ಡ ತೊಡಕಲ್ಲ. ನಾಲ್ಕೇ ವಾಕ್ಯ ಬರೆದು ನಿಲ್ಲಿಸುವುದು ತೊಡಕು. ಪರೀಕ್ಷೆ ಕಂಪ್ಯೂಟರಿನ ಮುಂದೆ ನಡೆಯುವುದರಿಂದ ಕನ್ನಡ ಅಕ್ಷರ ಮೂಡಿಸುವ ವಿಧಾನ ಯಾವುದು ಎಂದು ಕೇಂದ್ರದಲ್ಲಿ ಮೊದಲೇ ವಿಚಾರಿಸಿ, ಅದೇ ವಿಧಾನದಲ್ಲಿ ಕನಿಷ್ಠ ಇಪ್ಪತ್ತು ದಿನ ಎಂಟು ಹತ್ತು ವಾಕ್ಯ ಬರೆಸಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ವಾಟ್ಸ್ಆ್ಯಪ್ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಯು.ಸಿ.ಗೆ ಸಂಬಂಧಿಸಿದಂತೆ ಬೇರೆ ಬಾಗಿಲುಗಳಿವೆ. ಇಂಗ್ಲಿಷಲ್ಲದ ಭಾಷೆಯ ಮಾಧ್ಯಮದಲ್ಲಿ ಶಾಲೆ ಓದಿ ಬಂದವರಿಗೆ ಆ ಓದೇ ‘ಇ’ಯನ್ನು ತುಂಬುತ್ತದೆ. ಕರ್ನಾಟಕದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಹೈಸ್ಕೂಲಿಗೆ ಅಮೆರಿಕಕ್ಕೆ ಹೋದ ಮಗುವಿನ ಹಳೆಯ ಅಂಕಪಟ್ಟಿಗಳನ್ನು ಅದಕ್ಕಾಗಿಯೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ವಿಶ್ವವಿದ್ಯಾಲಯದ ಭಾಷಾ ವಿಭಾಗವೊಂದು ಪರೀಕ್ಷಿಸಿ ಕೊಡುವ ಪತ್ರವೂ ನಡೆಯುತ್ತದೆ. ಬೇರೆ ಯಾವ ದಾರಿಯೂ ಇಲ್ಲದಿದ್ದಾಗ ಹೈಸ್ಕೂಲಿನ ಪ್ರಿನ್ಸಿಪಾಲರು ಬಲ್ಲವರನ್ನು ಕೇಳಿ ಖಚಿತಪಡಿಸಿಕೊಂಡು ಟ್ರಾನ್ಸ್‌ಕ್ರಿಪ್ಟಿನಲ್ಲಿ ನಮೂದಿಸಬಹುದು. ಈ ಮೂರರಲ್ಲಿ ಯಾವುದಕ್ಕೂ ಗ್ರೇಡು ಇರುವುದಿಲ್ಲ, ಜಿ.ಪಿ.ಎ. ಏರುವುದೂ ಇಲ್ಲ ಇಳಿಯುವುದೂ ಇಲ್ಲ.

ಸೀಲ್ ಆಫ್ ಬೈಲಿಟರಸಿ ಎಂಬ ಮುದ್ರೆಯ ಬಗ್ಗೆ ಕೂಟಗಳಲ್ಲಿ ತುಂಬ ಮಾತಿದೆ. ಕ್ಯಾಲಿಫೋರ್ನಿಯಾದಲ್ಲಿ 2011ರ ಕಾನೂನಿನಿಂದ ಹುಟ್ಟಿ ಈಗ ದೇಶದ ಬಹುತೇಕ ಎಲ್ಲೆಡೆ ಹರಡಿದೆ. ಇಂಗ್ಲಿಷ್ ಮತ್ತು ಇನ್ನೊಂದು ಭಾಷೆ ಎರಡರಲ್ಲೂ ಓದುಬರಹ ಬಲ್ಲವರಿಗೆ ಡಿಪ್ಲೊಮಾದ ಮೇಲೆ ಹಾಕುವ ಮುದ್ರೆ ಇದು. ಮಗುವಿಗೆ ಹೆಮ್ಮೆ, ಸಂತೋಷ, ಪಡೆಯಲೇಬೇಕಾದದ್ದು. ಆದರೆ ಹೆಚ್ಚಾಗಿ ಹನ್ನೆರಡನೇ ತರಗತಿಯ ಕೊನೆಗೆ ಬರುವುದರಿಂದ ಪ್ರವೇಶದ ತೀರ್ಮಾನ ಅಷ್ಟರಲ್ಲಿ ಆಗಿರುತ್ತದೆ. ಇಲಿನಾಯ್ ಮತ್ತು ಮಿನೆಸೋಟಾಗಳಲ್ಲಿ ಮಾತ್ರ ಲಾಭ ಕಣ್ಣಿಗೆ ಕಾಣುವಂತಿದೆ: ಅಲ್ಲಿನ ಸರ್ಕಾರಿ ಕಾಲೇಜುಗಳಲ್ಲಿ ಈ ಮುದ್ರೆಗೆ ಕಾಲೇಜು ಕ್ರೆಡಿಟ್ ಕೇಳಬಹುದು.

ಕ್ರೆಡಿಟ್ ಸಿಗದ ಡಿಸ್ಟ್ರಿಕ್ಟಿನಲ್ಲಿದ್ದರೆ ಕೂಟದ ತರಗತಿ ಅರ್ಜಿಯ ಬೇರೆ ಜಾಗಕ್ಕೆ ಹೋಗಬೇಕು. ಯು.ಸಿ. ಅರ್ಜಿಯಲ್ಲಿ ಎ-ಜಿ ಅಲ್ಲದ ಕೋರ್ಸುಗಳಿಗೇ ಒಂದು ವಿಭಾಗ ಇದೆ, ಅಲ್ಲಿ 350 ಅಕ್ಷರಗಳ ವಿವರಣೆ. ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಅರ್ಜಿ) ಹತ್ತು ಚಟುವಟಿಕೆಗಳ ಜಾಗ, ವಿವರಣೆಗೆ 150 ಅಕ್ಷರ. ‘ಕನ್ನಡ ತರಗತಿಗೆ ಹೋಗಿದ್ದೆ’ ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ವಾರಕ್ಕೆ ಎರಡು ಗಂಟೆ, ವರ್ಷಕ್ಕೆ 30 ವಾರ, ಆರು ವರ್ಷ. ಹನ್ನೊಂದನೇ ತರಗತಿಯಿಂದ, ಆರು ವರ್ಷ ವಯಸ್ಸಿನ ಮಕ್ಕಳಿಗೆ ಅಕ್ಷರಮಾಲೆ ಕಲಿಸುವ ಸಹಾಯಕಿ. ಇಂಥ ಖಚಿತ ವಿವರ ಬೇಕು. ಅದೇ ಅರ್ಜಿಯಲ್ಲಿ ಯಾವ ಭಾಷೆ ಮಾತಾಡುತ್ತೀರಿ, ಓದುತ್ತೀರಿ, ಬರೆಯುತ್ತೀರಿ, ಮನೆಯಲ್ಲಿ ಬಳಸುತ್ತೀರಿ ಎಂಬ ಪ್ರಶ್ನೆಯೂ ಬರುತ್ತದೆ. ಓದಲು ಬರದಿದ್ದರೆ ‘ಓದುತ್ತೇನೆ’ ಎಂದು ಗುರುತು ಹಾಕಬಾರದು, ಸಂದರ್ಶನದಲ್ಲಿ ಅದೇ ಭಾಷೆ ಬಲ್ಲವರು ಎದುರು ಕೂರಬಹುದು.

ಈಗ ಕಷ್ಟದ ಪ್ರಶ್ನೆ: ಕನ್ನಡದಲ್ಲಿ ನಾಲ್ಕು ಕ್ರೆಡಿಟ್ ಬಂದ ಮೇಲೆ ಸ್ಪ್ಯಾನಿಷ್ ಬಿಡಬಹುದೇ? ಖಾಲಿಯಾದ ಆ ಗಂಟೆಗೆ ಏನು ಬರುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ. ಎಂಜಿನಿಯರಿಂಗ್ ಕಡೆ ಹೊರಟ, ಸರ್ಕಾರಿ ವಿಶ್ವವಿದ್ಯಾಲಯಗಳನ್ನೇ ಮುಖ್ಯವಾಗಿ ನೋಡುತ್ತಿರುವ ಹುಡುಗ ಆ ಜಾಗದಲ್ಲಿ ಎ.ಪಿ. ಭೌತಶಾಸ್ತ್ರ ಓದಿದರೆ ತಪ್ಪಿಲ್ಲ. ಆ ಜಾಗಕ್ಕೆ ಸುಲಭದ ಐಚ್ಛಿಕ ಬಂದರೆ ಟ್ರಾನ್ಸ್‌ಕ್ರಿಪ್ಟ್ ಸಪ್ಪೆಯಾಗುತ್ತದೆ. ನಾಲ್ಕು ವರ್ಷ ಕೇಳುವ ಖಾಸಗಿ ಕಾಲೇಜುಗಳತ್ತ ಕಣ್ಣಿಟ್ಟವರು ಕನ್ನಡದ ಕ್ರೆಡಿಟ್ಟನ್ನು ಹೆಚ್ಚುವರಿ ಬಲವಾಗಿ ಇಟ್ಟುಕೊಂಡು, ತರಗತಿಯ ಭಾಷೆಯನ್ನು ಕನಿಷ್ಠ ಮೂರನೇ ಹಂತದವರೆಗೆ, ಸಾಧ್ಯವಾದರೆ ಎ.ಪಿ.ವರೆಗೆ ಒಯ್ಯುವುದು ಉತ್ತಮ. ಹೈಸ್ಕೂಲು ಕಳಿಸುವ ಸ್ಕೂಲ್ ಪ್ರೊಫೈಲಿನಲ್ಲಿ ಅಲ್ಲಿ ಯಾವ ಭಾಷೆ ಎಷ್ಟು ಹಂತ ಇದೆ ಎಂದು ಬರೆದಿರುತ್ತದೆ. ಎ.ಪಿ. ಇದ್ದೂ ಹಂತ 2ಕ್ಕೆ ನಿಂತವರು ಮತ್ತು ಇರುವುದೇ ಹಂತ 2ರವರೆಗೆ ಎಂಬ ಶಾಲೆಯಿಂದ ಬಂದವರು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಕರ್ನಾಟಕದಿಂದ ಅರ್ಜಿ ಹಾಕುವವರಿಗೆ

ಬೆಂಗಳೂರು ಅಥವಾ ಹುಬ್ಬಳ್ಳಿಯಿಂದ ನೇರವಾಗಿ ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವವರು ಇದರ ಬಗ್ಗೆ ಅನಗತ್ಯವಾಗಿ ಹೆದರುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಮೂರು ಭಾಷೆ ಓದಿದ, 625ರಲ್ಲಿ 325 ಅಂಕ ಭಾಷೆಗಳಿಗೇ ಇದ್ದ ವಿದ್ಯಾರ್ಥಿಗೆ ಭಾಷೆಯ ಕೊರತೆ ಎಲ್ಲಿಂದ ಬಂತು? 9 ಮತ್ತು 10ರಲ್ಲಿ ಓದಿದ ಕನ್ನಡ ಅಥವಾ ಹಿಂದಿ ಅಲ್ಲಿನವರ ಲೆಕ್ಕದಲ್ಲಿ ಇಂಗ್ಲಿಷೇತರ ಭಾಷೆಯೇ. ಸಿಬಿಎಸ್ಇಯಲ್ಲಿ 11 ಮತ್ತು 12ಕ್ಕೆ ಹೆಚ್ಚಿನವರು ಇಂಗ್ಲಿಷ್ ಮಾತ್ರ ಓದುತ್ತಾರೆ, ಅದು ಪಠ್ಯಕ್ರಮದ ಸ್ವರೂಪವೆಂದು ಓದುವವರಿಗೆ ತಿಳಿದಿರುತ್ತದೆ. ಅರ್ಜಿಗೆಂದೇ ಕೊನೆಯ ವರ್ಷದಲ್ಲಿ ಫ್ರೆಂಚ್ ಎ1 ಪ್ರಮಾಣಪತ್ರ ತೆಗೆದುಕೊಳ್ಳುವುದರಿಂದ ಪ್ರಯೋಜನ ಅಲ್ಪ, ಅದು ತೀರ ಮೊದಲ ಮೆಟ್ಟಿಲು. ನಿಜವಾಗಿ ಆಸಕ್ತಿ ಇದ್ದು ಎಂಟು, ಒಂಬತ್ತರಿಂದಲೇ ಅಲಿಯಾನ್ಸ್ ಫ್ರಾನ್ಸೇಸ್ ಅಥವಾ ಗೋಯ್ಟೆ ಸಂಸ್ಥೆಯಲ್ಲಿ ಕಲಿತು ಬಿ1, ಬಿ2ವರೆಗೆ ಬಂದವರ ಮಾತು ಬೇರೆ, ಅದು ಚಟುವಟಿಕೆಯಾಗಿಯೂ ಸಾಧನೆಯಾಗಿಯೂ ನಿಲ್ಲುತ್ತದೆ.

ಹನ್ನೆರಡನೇ ತರಗತಿ

ಅರ್ಜಿ ಕಳಿಸಿದ ಮೇಲೆ ಸ್ಪ್ಯಾನಿಷ್ 4 ಬಿಟ್ಟುಬಿಡೋಣ ಎಂಬ ಆಸೆ ಜನವರಿಯಲ್ಲಿ ಹುಟ್ಟುತ್ತದೆ. ಅರ್ಜಿಯಲ್ಲಿ ‘ಓದುತ್ತಿದ್ದೇನೆ’ ಎಂದು ಬರೆದ ಕೋರ್ಸು ಅದು. ಖಾಸಗಿ ಕಾಲೇಜುಗಳಿಗೆ ಕೌನ್ಸೆಲರ್ ವರ್ಷದ ನಡುವಿನ ವರದಿ ಕಳಿಸುತ್ತಾರೆ. ಯು.ಸಿ. ಅರ್ಜಿಯ ಹೊತ್ತಿಗೆ ಟ್ರಾನ್ಸ್‌ಕ್ರಿಪ್ಟ್ ಕೇಳುವುದಿಲ್ಲ, ವಿದ್ಯಾರ್ಥಿ ತಾನೇ ತುಂಬಿದ್ದನ್ನು ನಂಬುತ್ತದೆ. ಪ್ರವೇಶ ಕೊಟ್ಟ ಮೇಲೆ ಜುಲೈ 1ರೊಳಗೆ ಅಂತಿಮ ಟ್ರಾನ್ಸ್‌ಕ್ರಿಪ್ಟ್, ಜುಲೈ 15ರೊಳಗೆ ಎ.ಪಿ. ಅಂಕ ತಲುಪಬೇಕು. ಬರೆದದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸ ಕಂಡರೆ ಪ್ರವೇಶ ರದ್ದಾಗಬಹುದು. ಕೋರ್ಸು ಬಿಡಲೇಬೇಕಾದ ಕಾರಣ ಇದ್ದರೆ, ಬಿಡುವ ಮೊದಲು ಅರ್ಜಿ ಹಾಕಿದ ಪ್ರತಿ ಕಾಲೇಜಿಗೂ ಕಾರಣ ತಿಳಿಸಿ ಬರೆದು, ಬಂದ ಉತ್ತರವನ್ನು ಇಟ್ಟುಕೊಳ್ಳಬೇಕು. ಏಳನೇ ತರಗತಿಯ ಸ್ಪ್ಯಾನಿಷ್ 1, ಒಂಬತ್ತರ ಕನ್ನಡ ಕ್ರೆಡಿಟ್ ಇವು ಟ್ರಾನ್ಸ್‌ಕ್ರಿಪ್ಟಿನಲ್ಲಿ ಮೂಡಿವೆಯೇ ಎಂದು ಹನ್ನೊಂದನೇ ತರಗತಿಯ ಮೇ ತಿಂಗಳಲ್ಲೇ ಪ್ರತಿ ತೆಗೆಸಿ ನೋಡಿಕೊಂಡರೆ, ಬಿಟ್ಟುಹೋದದ್ದನ್ನು ಸೇರಿಸಲು ಬೇಸಿಗೆಗೆ ಮೊದಲು ಕೌನ್ಸೆಲರ್ ಕೈಯಲ್ಲಿ ಸಮಯ ಇರುತ್ತದೆ.